ಕಾಲುಚೀಲ ತೊಟ್ಟ ಬಾಟಲಿಗಳು

ಅಕ್ಟೋಬರ್ ೯

ಹೋಟೆಲಿನ ವೈನ್ ಖರೀದಿ ವಿಭಾಗದ ಮುಖ್ಯಸ್ಥೆಗೆ,

ನಾನು ಈ ದಿಬ್ಬದ ದ್ರಾಕ್ಷಿತೋಟದ ಒಡತಿ, ಅದರ ಕೆಳಗಿನ ನೆಲಮಾಳಿಗೆಯ ಯಜಮಾನಿ, ಒಬ್ಬ ಮಗನ ಮತ್ತು ಒಬ್ಬ ಮಗಳ ತಾಯಿ. ಓದಿದ್ದು ಹೈಸ್ಕೂಲಿನವರೆಗೆ. ಗಂಡ ತೀರಿಕೊಂಡ ವರ್ಷ ಈ ದಿಬ್ಬದಲ್ಲಿ ಇದ್ದದ್ದು ಕಲ್ಲು ಮತ್ತು ಮುಳ್ಳು. ಇಂದು ಮೇಲಿಂದ ಕೆಳಗಿನವರೆಗೆ ಬಿಳಿ ವೈನಿನ ಶಾರ್ಡನೆ ಬಳ್ಳಿ ಇದೆ. ಒಂದೊಂದನ್ನೂ ನಾನು ಎದುರು ನಿಂತು ನೆಡಿಸಿದ್ದು. ನನ್ನ ಮಾತಿಲ್ಲದೆ ಇಲ್ಲಿ ಒಂದು ಪೀಪಾಯಿಯ ಬಿರಡೆಯೂ ಏಳುವುದಿಲ್ಲ. ಇಷ್ಟನ್ನು ಹೆತ್ತ ಮಗಳಿಗೆ ಬರೆದು ತಿಳಿಸಬೇಕಾಗಿ ಬಂದದ್ದು ಯಾಕೆಂದರೆ, ನಿನ್ನ ಸಹಿ ಹೊತ್ತು ಬಂದ ಸುತ್ತೋಲೆಯಲ್ಲಿ ನನ್ನನ್ನು 'ಮಾನ್ಯ ಸರಬರಾಜುದಾರರೇ' ಎಂದು ಕರೆದಿದೆ.

ಸುತ್ತೋಲೆಯನ್ನು ಎರಡು ಸಲ ಓದಿದೆ. ನಿಮ್ಮ ಅತಿಥಿಗಳಿಗೆ ಶಾರ್ಡನೆ ಸಾಕಾಗಿದೆಯಂತೆ. ಬರುವ ವರ್ಷದಿಂದ ಪಟ್ಟಿಯಲ್ಲಿ ಬೇರೆ ಬೇರೆ ಜಾತಿಯ ಬಿಳಿ ವೈನ್ ಇರಬೇಕಂತೆ. ಬೆಳೆಗಾರರು 'ಹೊಸ ದಿಕ್ಕಿನಲ್ಲಿ ಯೋಚಿಸಬೇಕು' ಎಂದು ಬರೆದಿದ್ದೀರಿ. ನಾಳೆ ಅತಿಥಿಗಳಿಗೆ ನೀರು ಸಾಕಾಯಿತು ಎಂದರೆ ನಲ್ಲಿಯನ್ನೂ ಕೀಳಿಸುತ್ತೀರೋ ಏನೋ. ನಮ್ಮ ನೆಲಮಾಳಿಗೆಯ ಮುಕ್ಕಾಲು ಪಾಲು ಮಾಲು ನಿಮ್ಮ ಹೋಟೆಲುಗಳಿಗೇ ಬರುತ್ತದೆ ಎಂಬುದು ನನಗೆ ಗೊತ್ತು. ಅದು ಬರುತ್ತಿರುವುದು ಮಗಳ ದಯೆಯಿಂದಲ್ಲ, ವೈನಿನ ಯೋಗ್ಯತೆಯಿಂದ. ನೀನು ಆ ಕುರ್ಚಿಯಲ್ಲಿ ಕೂರುವುದಕ್ಕೆ ಮುಂಚೆಯೂ ಬರುತ್ತಿತ್ತು.

ಬೇರೆ ಜಾತಿಯ ಹುಚ್ಚು ನಿನಗೆ ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಯಾರದೋ ತೋಟದಿಂದ ರೀಸ್ಲಿಂಗ್ ಹಣ್ಣು ತಂದು, ಒಂದು ಸಣ್ಣ ಪೀಪಾಯಿ ವೈನ್ ಮಾಡಿ, ಲೇಬಲ್ ಕಾಣದಂತೆ ಕಾಲುಚೀಲ ತೊಡಿಸಿ ನಮ್ಮ ಬಾಟಲಿಗಳ ನಡುವೆ ಇಟ್ಟೆ. ನಾನು ರುಚಿ ನೋಡಿ ತೀರ್ಪು ಕೊಟ್ಟೆ: 'ನಿಂಬೆನೀರು. ಇದನ್ನು ಮಾಡಿದವರು ನೆಲಮಾಳಿಗೆಗೆ ಕಾಲಿಡಬಾರದು.' ಮಾಡಿದವಳು ನೀನೆಂದು ಬಿಚ್ಚಿ ನೋಡಿದ ಮೇಲೆ ಗೊತ್ತಾಯಿತು. ತೀರ್ಪು ಬದಲಾಯಿಸಲಿಲ್ಲ. ನೀನು ಪೆಟ್ಟಿಗೆ ಕಟ್ಟಿ ಮನೆ ಬಿಟ್ಟೆ.

ಇಲ್ಲಿ ಹಣ್ಣು ಇಳಿಸಿ ಮುಗಿಯಿತು. ಕಣಜದ ಹುಳುಗಳ ಕಾಟ ಈ ಸಲ ವಿಪರೀತ. ಹಿಂಡುವ ಯಂತ್ರದ ಪಂಪು ಎರಡು ಸಲ ಕೆಟ್ಟಿತು, ನಿನ್ನಣ್ಣ ಅದನ್ನು ರಿಪೇರಿ ಮಾಡುತ್ತೇನೆಂದು ಹೋಗಿ ಮೂರನೆಯ ಸಲ ಕೆಡಿಸಿದ.

ನಿನ್ನ ಸರಬರಾಜುದಾರಳಾದ
ಅಮ್ಮ


ಅಕ್ಟೋಬರ್ ೨೧

ಅಮ್ಮ,

ಸುತ್ತೋಲೆ ಎಲ್ಲರಿಗೂ ಒಂದೇ ಥರ ಹೋಗುತ್ತೆ. ಹೆಸರು ತೆಗೆದು 'ಅಮ್ಮ' ಅಂತ ಹಾಕೋಕೆ ನನ್ನ ಗುಮಾಸ್ತೆಗೆ ಹೇಳಲಿಕ್ಕಾಗುತ್ತಾ? ಆದರೂ ತಪ್ಪಾಯಿತು, ನಿನಗಾದರೂ ಬೇರೆ ಬರೆಯಬೇಕಿತ್ತು.

ನೀನು ನೀರಿನ ನಲ್ಲಿ ಅಂದದ್ದನ್ನು ಓದಿ ನಕ್ಕೆ. ಆದರೆ ಅಮ್ಮ, ನಿಜ ಹೇಳಬೇಕಂದರೆ ಇಲ್ಲಿ ಊಟಕ್ಕೆ ಬರುವವರು 'ಶಾರ್ಡನೆ ಬಿಟ್ಟು ಬೇರೆ ಏನಿದೆ' ಅಂತಲೇ ಶುರುಮಾಡುತ್ತಾರೆ. ಅವರಿಗೆ ಶಾರ್ಡನೆ ಮೇಲೆ ದ್ವೇಷ ಇಲ್ಲ. ಇಪ್ಪತ್ತು ವರ್ಷ ಎಲ್ಲರೂ ಅದನ್ನೇ ಮಾಡಿ, ಅದನ್ನೇ ಓಕ್ ಪೀಪಾಯಿಯಲ್ಲಿ ನೆನೆಸಿ, ಅದನ್ನೇ ಬೆಣ್ಣೆಯ ರುಚಿ ಬರುವ ಹಾಗೆ ಮಾಡಿ ಕೊಟ್ಟರು. ಒಂದೇ ಕಥೆ ಹೇಳುವ ಚಿಕ್ಕಪ್ಪನ ಹಾಗಾಗಿದೆ ಅದು. ಬಂದರೆ ಎದ್ದು ನಿಲ್ಲುತ್ತಾರೆ, ಪಕ್ಕದಲ್ಲಿ ಕೂರುವುದಿಲ್ಲ.

ನೀನು ಬೇರೆ ಬಿಳಿ ವೈನುಗಳನ್ನು ಕುಡಿದು ಎಷ್ಟು ಕಾಲವಾಯಿತು? ಜಗಳಕ್ಕೆ ಕೇಳುತ್ತಿಲ್ಲ. ಒಂದು ಬುಟ್ಟಿ ಕಳಿಸುತ್ತಿದ್ದೇನೆ. ಆರು ಬಾಟಲಿ ಇದೆ. ಮನೆಯ ಪದ್ಧತಿಯಂತೆ ಆರಕ್ಕೂ ಕಾಲುಚೀಲ ಹಾಕಿದ್ದೇನೆ, ಎಲ್ಲ ನನ್ನವೇ, ಒಗೆದದ್ದು. ಲೇಬಲ್ಲುಗಳು ಒಳಗೇ ಇವೆ. ಒಂದು ಹೊತ್ತು ತಂಪಿನಲ್ಲಿಟ್ಟು ತೆಗೆ, ನೀನು ಯಾವಾಗಲೂ ಕುಡಿಯುವ ಹಾಗೆ ಬೆಚ್ಚಗೆ ಕುಡಿಯಬೇಡ. ಅತ್ತಿಗೆಯೇ ಬಗ್ಗಿಸಿ ಕೊಡಲಿ.

ನಿನಗೆ ಏನನ್ನಿಸಿತೋ ಅದನ್ನೇ ಬರೆ. ನನಗೆ ನಿನ್ನ ನಾಲಗೆಯ ಮೇಲೆ ಇರುವಷ್ಟು ನಂಬಿಕೆ ಇಲ್ಲಿ ಯಾರ ನಾಲಗೆಯ ಮೇಲೂ ಇಲ್ಲ. ಇದನ್ನು ಬೆಣ್ಣೆ ಹಚ್ಚೋಕೆ ಹೇಳುತ್ತಿಲ್ಲ. ಬೆಣ್ಣೆ ನಿನ್ನ ವೈನಲ್ಲೇ ಸಾಕಷ್ಟಿದೆ.

ಕಚೇರಿಯಲ್ಲಿ ಕೆಲಸ ಜಾಸ್ತಿ. ಡಿಸೆಂಬರಿನಲ್ಲಿ ಪಟ್ಟಿ ನಿರ್ಧಾರವಾಗುತ್ತೆ. ಅದಕ್ಕೆ ಮುಂಚೆ ನಿನ್ನ ಪತ್ರ ಬಂದರೆ ಒಳ್ಳೆಯದು.

ನಿನ್ನ
ಮಗಳು


ನವೆಂಬರ್ ೬

ಮಗಳಿಗೆ,

ಬುಟ್ಟಿ ಬಂತು. ಒಂದೂ ಒಡೆದಿಲ್ಲ. ಕೆಂಪು ಕಾಲುಚೀಲದ ಹಿಮ್ಮಡಿ ತೂತಾಗಿದೆ. ಅಷ್ಟು ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡುವವಳು ಹರಿದ ಕಾಲುಚೀಲ ಹಾಕಿಕೊಂಡು ಓಡಾಡುವುದು ಚೆಂದವಲ್ಲ. ಹೊಲಿದು ಕಳಿಸುತ್ತೇನೆ.

ಹನ್ನೊಂದು ವರ್ಷದ ನಂತರ ಮನೆಯ ಪದ್ಧತಿ ನೆನಪಿಟ್ಟುಕೊಂಡು ಬುಟ್ಟಿ ಕಳಿಸಿದ್ದೀಯ. ಯಾಕೆ ಕಳಿಸಿದ್ದೀಯ ಎಂದು ನನಗೆ ಅರ್ಥವಾಗದೆ ಇಲ್ಲ. ನೇರವಾಗಿ 'ಮನೆಗೆ ಬರಲೇ' ಎಂದು ಕೇಳಲು ನಿನಗೆ ನಾಲಗೆ ಏಳುವುದಿಲ್ಲ, ಆ ಬಿಗುಮಾನ ನನ್ನಿಂದಲೇ ಬಂದದ್ದು. ನಾನೂ ನೇರವಾಗಿ ಏನೂ ಹೇಳುವುದಿಲ್ಲ. ಮೇಲಿನ ಕೋಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದೇನೆ ಎಂದಷ್ಟೇ ತಿಳಿಸುತ್ತೇನೆ.

ಬಾಟಲಿಗಳ ವಿಷಯ. ಪದ್ಧತಿ ನಿನಗೆ ಗೊತ್ತು, ಆದರೂ ನೀನು ಪಟ್ಟಣದ ಗಡಿಬಿಡಿಯಲ್ಲಿ ಅರ್ಧ ಮರೆತಿರಬಹುದು ಎಂದು ಬರೆಯುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೇ ಈ ಮನೆಯಲ್ಲಿ ಹೆಗ್ಗಣಕ್ಕೆ ಕಾಲುಚೀಲ ತೊಡಿಸುತ್ತೇವೆ. ಬಗ್ಗಿಸುವವರು ಅಡುಗೆಮನೆಯಲ್ಲಿ, ರುಚಿ ನೋಡುವವರು ನಡುಮನೆಯಲ್ಲಿ. ಬಗ್ಗಿಸುವವರು ಬಾಯಿ ಬಿಡುವಂತಿಲ್ಲ. ತೀರ್ಪು ಬರೆದು ಮುಗಿದು, ಅದು ಕೈಬಿಟ್ಟು ಹೋಗುವವರೆಗೆ ಕಾಲುಚೀಲ ಬಿಚ್ಚುವಂತಿಲ್ಲ. ಹಿಂದೆ ತೀರ್ಪನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದೆ. ಈಗ ಕೇಳುವವಳು ದೂರದಲ್ಲಿದ್ದಾಳೆ, ಹಾಗಾಗಿ ಮೊದಲು ಪತ್ರ ಅಂಚೆಗೆ, ಆಮೇಲೆ ಕಾಲುಚೀಲಕ್ಕೆ ಕೈ.

ನಿನ್ನತ್ತಿಗೆಗೆ ಹೇಳಿದೆ. 'ನಾನು ಬಗ್ಗಿಸಿ ಕೊಡ್ತೀನಿ ಅತ್ತೆ, ಆದರೆ ಎಲ್ಲಾ ಮುಗಿದ ಮೇಲೆ ನಂಗೂ ಒಂದೊಂದು ಗುಟುಕು ಕೊಡಿ' ಎಂದಳು. ಇವಳಿಗೂ ಇತ್ತೀಚೆಗೆ ನಾಲಗೆ ಚಿಗುರುತ್ತಿದೆ.

ಅಮ್ಮ


ನವೆಂಬರ್ ೧೦

ಮಗಳಿಗೆ,

ನೋಡಿದೆ. ಬೆಳಿಗ್ಗೆ ಕಾಫಿಗೆ ಮುಂಚೆ, ಬಾಯಿ ಶುದ್ಧವಾಗಿದ್ದಾಗ. ಲೋಟದ ಕಾಲಿಗೆ ಕಾಲುಚೀಲದ ಬಣ್ಣದ್ದೇ ದಾರ ಕಟ್ಟಿ ನಿನ್ನತ್ತಿಗೆ ಒಂದೊಂದಾಗಿ ತಂದಿಟ್ಟಳು. ಈ ಪತ್ರವನ್ನು ಲಕೋಟೆಗೆ ಹಾಕಿ ನಿನ್ನಣ್ಣನ ಕೈಲಿ ಅಂಚೆಗೆ ಕಳಿಸಿದ ಮೇಲೆಯೇ ಬಿಚ್ಚುವುದು.

ಹಸಿರು. ಆಗತಾನೇ ಹುಲ್ಲು ಕೊಯ್ದ ಅಂಗಳದ ವಾಸನೆ. ಬಾಗಿಲು ತೆಗೆಯುವ ಮೊದಲೇ ಸುದ್ದಿ ಶುರುಮಾಡುವ ನೆರೆಮನೆಯವಳ ಹಾಗೆ ಮೂಗಿಗೆ ಬಂದು ನಿಲ್ಲುತ್ತದೆ. ಹೇಳುವುದೆಲ್ಲ ಮೊದಲ ಗುಟುಕಿನಲ್ಲೇ ಮುಗಿಯಿತು. ಇದು ಸೋವಿನ್ಯಾನ್ ಬ್ಲಾಂಕ್ ಜಾತಿಯ ದ್ರಾಕ್ಷಿ ಇರಬೇಕು. ಬಿಸಿಲಿನ ದಿನಕ್ಕೆ ತೊಂದರೆಯಿಲ್ಲ.

ಕೆಂಪು. ಅತ್ತರಿನ ಅಂಗಡಿ. ಗುಲಾಬಿ, ಲಿಚಿ ಹಣ್ಣು, ಇನ್ನೂ ಏನೇನೋ. ಮೊದಲ ಲೋಟ ಚೆಂದ, ಎರಡನೆಯದಕ್ಕೆ ತಲೆನೋವು. ಗೆವುರ್ಟ್ಸ್‌ಟ್ರಾಮಿನರ್ ಎಂದು ಊಹೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಾಟಲಿಯೇ ಬೆಚ್ಚಗಾಗುತ್ತದೆ.

ಹಳದಿ. ಮಾಗಿದ ಏಪ್ರಿಕಾಟ್, ಹೂವು, ಮೆತ್ತನೆಯ ಮೈ. ಬೆನ್ನೆಲುಬಿಲ್ಲ. ನಿನ್ನಣ್ಣನ ಜಾತಿ. ಒಳ್ಳೆಯವನು, ಆದರೆ ಒರಗಲು ಯಾವಾಗಲೂ ಒಂದು ಗೋಡೆ ಬೇಕು. ಹೆಸರು ಗೊತ್ತಾಗಲಿಲ್ಲ, ವಿಯೋನ್ಯೆ ಇದ್ದರೂ ಇರಬಹುದು.

ನೀಲಿ. ಹುಳಿ ನೆಟ್ಟಗೆ ನಿಂತಿದೆ, ಎಲ್ಲೂ ಬಾಗಿಲ್ಲ. ಕಾದ ಕಲ್ಲಿನ ಮೇಲೆ ಮಳೆ ಬಿದ್ದ ವಾಸನೆ. ಇದು ರೀಸ್ಲಿಂಗ್ ಎಂದು ಚೆನ್ನಾಗಿಯೇ ಗೊತ್ತಾಯಿತು. ನೀನು ಇದನ್ನು ಯಾಕೆ ಸೇರಿಸಿದ್ದೀಯ ಎಂದೂ ಗೊತ್ತಾಯಿತು. ಕೇಳು: ಇದು ಒಳ್ಳೆಯ ವೈನ್. ನೀನು ಅವತ್ತು ಮಾಡಿದ್ದು ನಿಂಬೆನೀರು. ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು.

ಬೂದು. ಆರರಲ್ಲಿ ಇದಕ್ಕೆ ಮೊದಲ ಸ್ಥಾನ. ಸೇಬು, ಜೇನು, ಹಿಂದಿನಿಂದ ಒದ್ದೆ ಉಣ್ಣೆಯ ವಾಸನೆ, ಅದು ಕೇಳಲು ಹೊಲಸು, ಮೂಗಿಗೆ ಅಲ್ಲ. ಮತ್ತೆ ಮತ್ತೆ ಮೂಸಿದೆ, ಪ್ರತಿ ಸಲ ಬೇರೆ ಮಾತಾಡಿತು. ಹುಳಿಯೂ ಇದೆ, ಮೈಯೂ ಇದೆ. ಯಾರಿಗೂ ಏನನ್ನೂ ತೋರಿಸಿಕೊಳ್ಳುವ ಅವಸರವಿಲ್ಲ. ಶೆನಿನ್ ಬ್ಲಾಂಕ್ ಎಂದು ತೋರುತ್ತದೆ. ಇದನ್ನು ಮಾಡಿದವರ ಕೈ ನೋಡಬೇಕು.

ಕಪ್ಪು. ಬೆಣ್ಣೆ, ಸುಟ್ಟ ಮರ, ಮತ್ತೆ ಬೆಣ್ಣೆ. ದ್ರಾಕ್ಷಿಯನ್ನು ಹುಡುಕಿದೆ, ಮನೆಯಲ್ಲಿರಲಿಲ್ಲ. ಸುಕ್ಕು ಮುಚ್ಚಲು ಪೌಡರ್ ಬಳಿದುಕೊಂಡು ಕನ್ನಡಿ ಬಿಟ್ಟು ಏಳದ ಮುದುಕಿ. ಮಾಡಿದವರಿಗೆ ಒಂದು ಕಾಲದಲ್ಲಿ ಕೆಲಸ ಗೊತ್ತಿತ್ತು, ಅದು ತಿಳಿಯುತ್ತದೆ. ಈಗ ಅಭ್ಯಾಸ ಉಳಿದಿದೆ, ಗಮನ ಹೋಗಿದೆ. ಶಾರ್ಡನೆಗೆ ಹೀಗೆ ಮಾಡುವವರು ನನ್ನ ನೆಲಮಾಳಿಗೆಯಲ್ಲಿದ್ದರೆ ಅವತ್ತು ಸಂಜೆಯೊಳಗೆ ಹೊರಗೆ ಕಳಿಸುತ್ತಿದ್ದೆ, ಎಷ್ಟು ವರ್ಷದ ಕೆಲಸದವರಾದರೂ ಸರಿ. ನಮ್ಮದನ್ನು ನೋಡಿ ಕಲಿಯಲು ಹೋಗಿ ಕೆಡಿಸಿಕೊಂಡವರದು ಎಂದು ಕಾಣುತ್ತದೆ. ಇದನ್ನು ನೀನು ಸೇರಿಸಿದ್ದು ಒಳ್ಳೆಯದಾಯಿತು. ನಿನ್ನ ಅತಿಥಿಗಳಿಗೆ ಬೇಸರವಾದದ್ದು ಶಾರ್ಡನೆಯಿಂದಲ್ಲ, ಇಂಥದ್ದರಿಂದ.

ತೀರ್ಪು ಇಷ್ಟೇ. ಪತ್ರ ಹೊರಟಿತು. ಮೇಲಿನ ಕೋಣೆಗೆ ಹೊಸ ಪರದೆ ಹಾಕಿಸಿದೆ.

ಅಮ್ಮ


ನವೆಂಬರ್ ೧೩

ಮಗಳಿಗೆ,

ಹತ್ತನೆಯ ತಾರೀಖು ಒಂದು ಪತ್ರ ಹಾಕಿಸಿದ್ದೆ. ತಲುಪಿತೋ ಇಲ್ಲವೋ. ಇತ್ತೀಚೆಗೆ ಅಂಚೆಯಲ್ಲಿ ಎಷ್ಟೋ ಪತ್ರಗಳು ಕಳೆದುಹೋಗುತ್ತವೆ ಎಂದು ಕೇಳಿದ್ದೇನೆ. ತಲುಪದಿದ್ದರೆ ಚಿಂತೆಯಿಲ್ಲ, ಅದರಲ್ಲಿ ಅಂಥ ಮುಖ್ಯವಾದದ್ದು ಏನೂ ಇರಲಿಲ್ಲ.

ಅವತ್ತು ನನಗೆ ಸ್ವಲ್ಪ ಶೀತವೂ ಇತ್ತು.

ಕಾಲುಚೀಲಗಳನ್ನು ಒಗೆಸಿ ಕಳಿಸುತ್ತಿದ್ದೇನೆ. ಐದು ಇದರ ಜೊತೆಗಿವೆ. ಕಪ್ಪನೆಯದು ಒಗೆಯುವಾಗ ಕಳೆದುಹೋಯಿತು.

ಅಮ್ಮ


ಡಿಸೆಂಬರ್ ೧೮

ಮಗಳಿಗೆ,

ನಿನ್ನಿಂದ ಉತ್ತರವಿಲ್ಲ. ಕೆಲಸ ಜಾಸ್ತಿ ಇರಬೇಕು. ಇಲ್ಲಿ ಬಳ್ಳಿಗಳ ಎಲೆ ಪೂರ್ತಿ ಉದುರಿದೆ. ಬರುವ ತಿಂಗಳು ಬಳ್ಳಿಗೆ ಕತ್ತರಿ ಹಾಕುವ ಕೆಲಸ ಶುರು. ನೀನು ಬರುವುದಾದರೆ ಮೊದಲೇ ತಿಳಿಸು, ನಿನ್ನಣ್ಣ ನಿಲ್ದಾಣಕ್ಕೆ ಗಾಡಿ ತರುತ್ತಾನೆ.

ಅಮ್ಮ


ಜನವರಿ ೮

ಅಮ್ಮ,

ನಿನ್ನ ಎಲ್ಲ ಪತ್ರಗಳೂ ತಲುಪಿವೆ. ಹತ್ತನೆಯ ತಾರೀಖಿನದೂ.

ಇದನ್ನು ಬರೆಯೋಕೆ ಇಷ್ಟು ದಿನ ಬೇಕಾಯಿತು. ಕಪ್ಪು ಕಾಲುಚೀಲದ ಒಳಗೆ ಇದ್ದದ್ದು ನಿನ್ನ ವೈನ್. ಬಿಚ್ಚಿ ನೋಡಿದ್ದೀಯ, ಗೊತ್ತಿದೆ. ಕಾಲುಚೀಲ ಕಳೆದಿಲ್ಲ ಅನ್ನೋದೂ ಗೊತ್ತಿದೆ.

ಯಾಕೆ ಹಾಕಿದೆ ಅಂತ ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ನಾಲ್ಕು ವರ್ಷದಿಂದ ಪ್ರತಿ ಡಿಸೆಂಬರಿನಲ್ಲೂ ನಿನ್ನ ವೈನನ್ನು ಪಟ್ಟಿಯಿಂದ ತೆಗೆಯಬೇಕು ಅಂತ ಮಾತು ಬರುತ್ತೆ. ನಾಲ್ಕು ವರ್ಷ ನಾನು ತಡೆದಿದ್ದೇನೆ. 'ವೈನಿನ ಯೋಗ್ಯತೆ' ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಓದಿ ಸುಮ್ಮನಾದೆ. ಈ ಸಲ ಸಭೆಗೆ ಎರಡು ತಿಂಗಳ ಮುಂಚೆಯೇ ನಮ್ಮ ಮೇಲಧಿಕಾರಿ ಎಲ್ಲರ ಮುಂದೆ, 'ಮೇಡಂ, ಇನ್ನೂ ಎಷ್ಟು ವರ್ಷ ಅಮ್ಮನ ಸೆರಗು ಹಿಡ್ಕೊಂಡಿರ್ತೀರಿ' ಅಂದ. ಪಕ್ಕದವನು, 'ಸೆರಗಲ್ಲ ಸಾರ್, ಪೀಪಾಯಿ' ಅಂದ. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಆಗ ನಾನು ಅಂದುಕೊಂಡೆ, ಬೇರೆ ಐದರ ಜೊತೆ ಇಟ್ಟರೆ ಅಮ್ಮ ಮೂಸಿದ ತಕ್ಷಣ ಗುರುತು ಹಿಡಿಯುತ್ತಾಳೆ. 'ಕಳ್ಳಿ, ನನ್ನದನ್ನೇ ನನಗೆ ಕಳಿಸಿದ್ದೀಯ' ಅಂತ ಬೈದು ಬರೆಯುತ್ತಾಳೆ. ಬೈಯುತ್ತಾ ಬೈಯುತ್ತಾ, ಪಕ್ಕದಲ್ಲಿಟ್ಟು ನೋಡಿದಾಗ ತನ್ನದರಲ್ಲಿ ಏನು ಕಡಿಮೆ ಅಂತ ತಾನೇ ಕಂಡುಕೊಳ್ಳುತ್ತಾಳೆ. ನಾನು ಹೇಳಿದರೆ ಕೇಳದವಳು ತನ್ನ ನಾಲಗೆ ಹೇಳಿದರೆ ಕೇಳುತ್ತಾಳೆ. ನಿನಗೆ ಗುರುತೇ ಸಿಗುವುದಿಲ್ಲ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಪತ್ರ ಓದಿ ಮೊದಲ ದಿನ ಅತ್ತುಬಿಟ್ಟೆ. ಎರಡನೆಯ ದಿನ 'ಪೌಡರ್ ಬಳಿದ ಮುದುಕಿ' ಅನ್ನೋದನ್ನು ಓದಿ ನಗು ಬಂತು. ಮೂರನೆಯ ಸಲ ಓದಿದಾಗ ಅಳುವೂ ಇರಲಿಲ್ಲ, ನಗುವೂ ಇರಲಿಲ್ಲ. ಹಣ್ಣು ಇಳಿಸಿದವರೆಲ್ಲ ಊಟಕ್ಕೆ ಕೂತಿದ್ದಾಗ ನೀನು ಎದ್ದು ನಿಂತು 'ನಿಂಬೆನೀರು' ಅಂತ ಓದಿದ್ದು, ಆಮೇಲೆ ಕಾಲುಚೀಲ ಬಿಚ್ಚಿದ್ದು, ನನ್ನ ಮುಖ ನೋಡಿದ್ದು, ನೋಡಿಯೂ ಕಾಗದ ಮಡಿಸಿ ಕೂತದ್ದು, ಅಷ್ಟೇ ನೆನಪಾಯಿತು.

ಸಭೆಯಲ್ಲಿ ನಿನ್ನ ಪತ್ರ ಓದಿದೆ. ಕಪ್ಪು ಕಾಲುಚೀಲದ ಭಾಗವನ್ನು ಮಾತ್ರ. ಬರೆದವರು ಯಾರು ಅಂತಲೂ ಹೇಳಿದೆ. ಯಾರೂ ನಗಲಿಲ್ಲ. ಮೇಲಧಿಕಾರಿ ಕನ್ನಡಕ ತೆಗೆದು ಒರೆಸಿದ. ಪಟ್ಟಿಯಿಂದ ನಿನ್ನ ವೈನ್ ಹೋಯಿತು. ಕಚೇರಿಯ ಪತ್ರ ಬೇರೆ ಬರುತ್ತೆ, ಅದರಲ್ಲಿ ಮತ್ತೆ 'ಮಾನ್ಯ ಸರಬರಾಜುದಾರರೇ' ಅಂತಲೇ ಇರುತ್ತೆ.

ಮಗಳು


ಜನವರಿ ೨೦

ಮಗಳಿಗೆ,

ಕಚೇರಿಯ ಪತ್ರ ಬಂತು. ಅದಕ್ಕೆ ಉತ್ತರ ಬೇಕಾಗಿಲ್ಲ. ನಿನ್ನದಕ್ಕೆ ಬೇಕು.

ನಾಲ್ಕು ವರ್ಷ ನನ್ನ ವೈನನ್ನು ಕಾಪಾಡಿದೆ ಎಂದು ಬರೆದಿದ್ದೀಯ. ಹಾಗೆ ಮಾಡೆಂದು ನಾನು ಕೇಳಿರಲಿಲ್ಲ. ಮೊದಲ ವರ್ಷವೇ 'ಅಮ್ಮ, ನಿನ್ನ ವೈನ್ ಕುಸಿಯುತ್ತಿದೆ' ಎಂದು ಒಂದು ಸಾಲು ಬರೆದಿದ್ದರೆ, ಹತ್ತು ಸಾಲು ಬೈದು, ಹನ್ನೊಂದನೆಯದರಲ್ಲಿ ಯೋಚಿಸುತ್ತಿದ್ದೆ. ನೀನು ಸುಮ್ಮನಿದ್ದು ನನ್ನನ್ನು ದಯೆಯ ಮೇಲೆ ಇಟ್ಟೆ. ಮಾರುತ್ತಿದ್ದದ್ದು ವೈನ್ ಎಂದು ನಾನು ತಿಳಿದಿದ್ದೆ.

ಬಿಚ್ಚಿದ ದಿನ ಏನಾಯಿತೆಂದು ನಿನಗೆ ಗೊತ್ತಾಗಬೇಕು. ನಿನ್ನಣ್ಣ ಪತ್ರವನ್ನು ಅಂಚೆ ಪೆಟ್ಟಿಗೆಗೆ ಹಾಕಿ ಬಂದ ಮೇಲೆ ಒಂದೊಂದೇ ಕಾಲುಚೀಲ ಎಳೆದೆ. ಐದು ಊಹೆಯೂ ಸರಿಯಾಗಿತ್ತು. ಆರನೆಯದನ್ನು ಎಳೆದಾಗ ನಮ್ಮ ಲೇಬಲ್. ನಿನ್ನತ್ತಿಗೆ ಬಾಗಿಲಲ್ಲಿ ನಿಂತಿದ್ದಳು. ನಮ್ಮ ಬಿರಡೆಗಳ ಮೇಲೆ ಮನೆಯ ಗುರುತು ಸುಟ್ಟಿರುತ್ತದೆ, ಬಿರಡೆ ತೆಗೆದವಳು ಅವಳು.

'ಬಿರಡೆ ನೋಡಿದೆಯಾ?' ಎಂದೆ.

'ನೋಡ್ದೆ ಅತ್ತೆ.'

'ಮತ್ತೆ ಬಾಯಿಗೆ ಏನಾಗಿತ್ತು?'

'ಬಗ್ಗಿಸೋರು ಬಾಯಿ ಬಿಡಬಾರದು ಅಂತ ನೀವೇ ತಾನೆ ಹೇಳಿದ್ದು. ಮದುವೆಯಾಗಿ ಬಂದಾಗಿಂದ ಅದೊಂದನ್ನೇ ಹೇಳ್ತಾ ಬಂದಿದ್ದೀರಿ.'

'ನಾನು ಬರೆಯೋವಾಗ ಪಕ್ಕದಲ್ಲೇ ನಿಂತಿದ್ದೆಯಲ್ಲೇ.'

'ನಿಂತಿದ್ದೆ. ಬಿರಡೆ ಕೈಯಲ್ಲೇ ಇತ್ತು. ನೀವು ನೋಡ್ಲಿಲ್ಲ.'

ಅವಳ ಮಾತಿನಲ್ಲಿ ಒಂದು ಚೂರು ಸಂತೋಷ ಇತ್ತೋ ಇಲ್ಲವೋ ಎಂದು ಈಗಲೂ ಯೋಚಿಸುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಇದ್ದರೂ ಅವಳ ತಪ್ಪಲ್ಲ.

ಇನ್ನು ನೀನು. ಅವತ್ತು ನಿನ್ನ ವೈನಿನ ತೀರ್ಪನ್ನು ನಾನು ನಿನ್ನ ಮುಂದೆ ಓದಿದೆ. ನೀನು ಅಲ್ಲಿಯೇ ಇದ್ದೆ, ಎದ್ದು ನನಗೆ ಏನಾದರೂ ಅನ್ನಬಹುದಿತ್ತು. ನನ್ನದನ್ನು ನೀನು ನನ್ನ ಬೆನ್ನ ಹಿಂದೆ ಓದಿದೆ. ಎರಡೂ ಒಂದೇ ಎಂದು ನಿನಗೆ ಅನ್ನಿಸಿದ್ದರೆ ನಾನು ನಿನ್ನನ್ನು ಸರಿಯಾಗಿ ಬೆಳೆಸಿಲ್ಲ.

ನಿಮ್ಮ ಗೋದಾಮಿನ ಬಿಸಿಗೆ ಬಾಟಲಿ ಕೆಟ್ಟಿರಲೂಬಹುದು. ಅದನ್ನು ವಿಚಾರಿಸುತ್ತೇನೆ.

ಅಮ್ಮ


ಮಾರ್ಚ್ ೩

ಅಮ್ಮ,

ನಿನ್ನ ಪತ್ರವನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. 'ಬೆನ್ನ ಹಿಂದೆ' ಅಂದದ್ದು ಸರಿ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ನಾನು ಬರುತ್ತೇನೆ. ರಾಜೀನಾಮೆ ಬರೆದಿಟ್ಟಿದ್ದೇನೆ, ಕೊಟ್ಟಿಲ್ಲ, ನಿನ್ನ ಮಾತಿಗೆ ಕಾಯುತ್ತಿದ್ದೇನೆ. ದಿಬ್ಬದ ಬಳ್ಳಿಗಳ ಬುಡ ಗಟ್ಟಿಯಾಗಿದೆ, ಕೀಳಬೇಕಾಗಿಲ್ಲ. ಮೇಲ್ಭಾಗ ಕೊಯ್ದು ಶೆನಿನ್ ಕಸಿ ಕಟ್ಟಿದರೆ ಮೂರನೆಯ ವರ್ಷಕ್ಕೆ ಪೂರ್ತಿ ಬೆಳೆ ಬರುತ್ತೆ. ನಿನಗೇ ಹಿಡಿಸಿದ ವೈನ್ ತಾನೆ ಅದು. ಯಾವುದನ್ನು ಯಾರು ಕೊಳ್ಳುತ್ತಾರೆ ಅಂತ ನನಗೆ ಗೊತ್ತು. ನೆಲಮಾಳಿಗೆಯನ್ನು ನನಗೆ ಬಿಡು. ಅತ್ತಿಗೆ ಒಳ್ಳೆಯವಳು, ಕೆಲಸ ಹೇಳಿದರೆ ಮಾಡುತ್ತಾಳೆ. ಆದರೆ ಅವಳಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ. ನೀನು ಮೇಲೆ ಕೂತು ನೋಡುತ್ತಿರು, ಮಾಡುವುದು ನಾನು.

ಆ ನೆಲಮಾಳಿಗೆಯ ವಾಸನೆ ಈಗಲೂ ಒಮ್ಮೊಮ್ಮೆ ಲಿಫ್ಟಿನಲ್ಲಿ ನಿಂತಿದ್ದಾಗ ಬರುತ್ತೆ. ಎಲ್ಲಿಂದ ಬರುತ್ತೋ.

ಬೇಗ ಬರೆ.

ನಿನ್ನ
ಮಗಳು


ಮೇ ೧೨

ಮಗಳಿಗೆ,

'ಬೇಗ ಬರೆ' ಎಂದಿದ್ದೀಯ. ಬೇಗ ಬರೆಯಲಿಲ್ಲ. ಬರೆದರೆ ಅದು ಮಾತಾಗುತ್ತಿತ್ತು, ನೀನು ಅದಕ್ಕೆ ಇನ್ನೊಂದು ಮಾತು ಹೇಳುತ್ತಿದ್ದೆ. ಈಗ ಎಲ್ಲ ಮುಗಿದಿದೆ, ಹಾಗಾಗಿ ಬರೆಯುತ್ತೇನೆ.

ಗೋದಾಮಿನ ವಿಷಯ ವಿಚಾರಿಸುತ್ತೇನೆ ಎಂದಿದ್ದೆ. ಜನವರಿಯಲ್ಲೇ ವಿಚಾರಿಸಿದೆ. ನಮ್ಮ ನೆಲಮಾಳಿಗೆಯ ತಂಪಿನಿಂದ ಕದಲದ ಬಾಟಲಿಗಳನ್ನೇ, ನಾಲ್ಕು ಬೇರೆ ಬೇರೆ ವರ್ಷದವು, ಅಂಗಡಿಯಿಂದ ತರಿಸಿದ ಶೆನಿನ್, ರೀಸ್ಲಿಂಗ್‌ಗಳ ಜೊತೆ ಸೇರಿಸಿ ಕಾಲುಚೀಲ ಹಾಕಿಸಿದೆ. ಯಾವುದರಲ್ಲಿ ಏನಿದೆಯೆಂದು ಹಾಕಿದ ನಿನ್ನಣ್ಣನಿಗೇ ನೆನಪಿರಲಿಲ್ಲ. ನೋಡಿದೆ, ಬರೆದೆ, ಬರೆದ ಕಾಗದವನ್ನು ನಿನ್ನತ್ತಿಗೆಯ ಕೈಗೆ ಕೊಟ್ಟು ಬಿಚ್ಚಿದೆ. ನನ್ನ ಹಳೆಯದು, ಹದಿನಾಲ್ಕು ವರ್ಷದ ಹಿಂದಿನದು, ಅದನ್ನು ಹೊಗಳಿದ್ದೆ. ಉಳಿದ ಮೂರಕ್ಕೂ ಮುಂಚಿನ ಮಾತೇ ಬರೆದಿದ್ದೆ, ಪೌಡರ್ ಎಂಬ ಪದವೊಂದು ಬಿಟ್ಟು. ನಿಮ್ಮ ಗೋದಾಮಿನಲ್ಲಿ ತಪ್ಪಿಲ್ಲ. ಅವತ್ತು ನನಗೆ ಶೀತವೂ ಇರಲಿಲ್ಲ.

ನಿನ್ನತ್ತಿಗೆ ಕಾಗದ ಓದಿ, 'ಈಗ ಏನ್ ಮಾಡೋದು ಅತ್ತೆ' ಎಂದಳು. ಮಾಡಿದವರು ನೆಲಮಾಳಿಗೆಗೆ ಕಾಲಿಡಬಾರದು ಎಂಬ ತೀರ್ಪು ಈ ಮನೆಯಲ್ಲಿ ಮಗಳಿಗೊಂದು, ನನಗೊಂದು ಇಲ್ಲ ಎಂದೆ. ಅವಳು ಅಡ್ಡ ಬರಲಿಲ್ಲ. ಅಡ್ಡ ಬರುತ್ತಾಳೆಂದು ಒಂದು ಗಳಿಗೆ ಕಾದೆ, ಅದನ್ನೂ ಹೇಳಿಬಿಡುತ್ತೇನೆ.

ನೀನು ಹೇಳುವ ಮುಂಚೆಯೇ ಶೆನಿನ್ ಕಸಿಕಡ್ಡಿಗೆ ಸಸಿ ಬೆಳೆಸುವವರ ಬಳಿ ಮಾತಾಡಿ ಆಗಿತ್ತು. ಫೆಬ್ರವರಿಯಲ್ಲೇ ಕಡ್ಡಿ ಬಂದು ಒದ್ದೆ ಮರದ ಹೊಟ್ಟಿನಲ್ಲಿ ತಂಪಾಗಿ ಮಲಗಿತ್ತು. ಬಳ್ಳಿಯಲ್ಲಿ ರಸ ಏರಿದ ಮೇಲೆ ಕಸಿ ಕಟ್ಟುವ ಹೆಂಗಸರು ಬಂದರು. ಒಬ್ಬಳು ದಿಬ್ಬ ನೋಡಿ, 'ಅಜ್ಜಿ, ಇಷ್ಟು ಚೆಂದದ ಬಳ್ಳಿ ಕೊಯ್ಯೋಕೆ ಮನಸ್ಸು ಹೇಗೆ ಬಂತು' ಎಂದಳು. 'ಮನಸ್ಸಿನ ಕೂಲಿ ಬೇರೆ ಕೊಡ್ತೀನಿ, ಗರಗಸ ಎತ್ತು' ಎಂದೆ. ಮಂಡಿಯ ಎತ್ತರಕ್ಕೆ ಬುಡ ಬಿಟ್ಟು ಮೇಲಿನದೆಲ್ಲ ಕೊಯ್ದರು. ಕೊಯ್ದ ಕಡೆ ನೀರು ಸುರಿಯುತ್ತದೆ. ಬುಡದ ಹತ್ತಿರ ಒಂದೊಂದು ಕಚ್ಚು ಹಾಕಿ ಆ ನೀರಿಗೆ ದಾರಿ ಮಾಡದಿದ್ದರೆ ಕಡ್ಡಿ ಕೊಳೆಯುತ್ತದೆ. ಆ ಕಚ್ಚುಗಳನ್ನು ನಾನೇ ಹಾಕಿದೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ. ಬೇರೆಯವರ ಕೈಗೆ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೂಟು ಒಳಗಿನವರೆಗೆ ನೆನೆದಿತ್ತು. ನಿನ್ನಣ್ಣ ದೂರದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದ, ಹತ್ತಿರ ಬರಲಿಲ್ಲ. ಅವನು ಅತ್ತದ್ದು ನನಗೆ ಕಾಣಲಿಲ್ಲ ಎಂದು ಅವನು ತಿಳಿದಿದ್ದಾನೆ.

ಇನ್ನು ನೀನು ಕೇಳಿದ್ದಕ್ಕೆ.

ನೆಲಮಾಳಿಗೆಯನ್ನು ನಿನ್ನತ್ತಿಗೆಗೆ ಕೊಟ್ಟಿದ್ದೇನೆ. ಮಾತಿನಲ್ಲಿ ಅಲ್ಲ, ಏಪ್ರಿಲ್‌ನಲ್ಲಿ ನೋಂದಣಿ ಮಾಡಿಸಿ, ತೋಟದ ಸಮೇತ, ಅವಳೊಬ್ಬಳ ಹೆಸರಿಗೆ. ನಿನ್ನಣ್ಣ ಸಾಕ್ಷಿ ಹಾಕಿದ್ದಾನೆ. ಅವಳಿಗೆ ಹೊರಗಿನ ಪ್ರಪಂಚ ಗೊತ್ತಿಲ್ಲ ಎಂದು ನೀನು ಬರೆದಿದ್ದೀಯ. ನಿಜ. ಅವಳ ಮೂಗು ಕೂಡ ಇನ್ನೂ ಪೂರ್ತಿ ತಯಾರಾಗಿಲ್ಲ. ಆದರೆ ತನಗೆ ಗೊತ್ತಿದ್ದನ್ನು ನನ್ನಿಂದ ಮುಚ್ಚಿಟ್ಟ ದಿನ ಅವಳು ನನ್ನ ಕಣ್ಣೆದುರಿಗೇ ನಿಂತಿದ್ದಳು, ಬಿರಡೆ ಕೈಯಲ್ಲಿ ಹಿಡಿದು. ನೀನು ನಾಲ್ಕು ವರ್ಷ ದಯೆ ತೋರಿಸಿ, ಒಂದು ಸಭೆಯಲ್ಲಿ ಅದನ್ನು ವಸೂಲಿ ಮಾಡಿಕೊಂಡೆ. ನಿನಗೆ ನೆಲಮಾಳಿಗೆ ಕೊಟ್ಟರೆ ನೀನು ನನಗಿಂತ ಒಳ್ಳೆಯ ವೈನ್ ಮಾಡುತ್ತೀಯ, ಅದರಲ್ಲಿ ಅನುಮಾನವಿಲ್ಲ.

ರಾಜೀನಾಮೆ ಕೊಡಬೇಡ. ಕೊಟ್ಟಿದ್ದರೆ ಹಿಂದೆ ತೆಗೆದುಕೋ. ಮಗಳಾಗಿ ಬರುವುದಾದರೆ ಬಾ, ಮೇಲಿನ ಕೋಣೆ ನಿನ್ನದೇ. ವೈನ್ ಮಾಡುವವಳಾಗಿ ಬರುವುದಾದರೆ ಆ ಜಾಗ ಭರ್ತಿಯಾಗಿದೆ. ನಿಮ್ಮ ಹೋಟೆಲಿಗೆ ಈ ದಿಬ್ಬದ ವೈನ್ ಮತ್ತೆ ಬರುವುದೋ ಇಲ್ಲವೋ, ಅದನ್ನು ಇನ್ನು ಮೇಲೆ ನಿನ್ನತ್ತಿಗೆಯನ್ನು ಕೇಳಬೇಕು. ಅವಳಿಗೆ ಬರೆಯುವಾಗ 'ಮಾನ್ಯ ಸರಬರಾಜುದಾರರೇ' ಎಂದೇ ಬರೆ, ಅವಳಿಗೆ ಖುಷಿಯಾಗುತ್ತದೆ.

ಕಸಿ ಕಟ್ಟಿದ ಕಡ್ಡಿಗಳಲ್ಲಿ ಕೆಲವು ಕಣ್ಣು ಬಿಟ್ಟಿವೆಯೆಂದು ನಿನ್ನೆ ನಿನ್ನತ್ತಿಗೆ ಓಡಿಬಂದು ಹೇಳಿದಳು. ಹಳೆಯ ಶಾರ್ಡನೆ ಪೀಪಾಯಿಗಳನ್ನು ಏನು ಮಾಡುವುದೆಂದು ಕೇಳಿದಳು. ನೆಲಮಾಳಿಗೆಯ ಬಾಗಿಲ ಹೊರಗೆ ನಿಂತೇ ಉತ್ತರ ಹೇಳಿದೆ. 'ಒಳಗೆ ಬನ್ನಿ ಅತ್ತೆ, ಹೊಸಿಲಲ್ಲಿ ಯಾಕೆ ನಿಂತಿದ್ದೀರಿ' ಎಂದಳು.

ಏಪ್ರಿಲ್‌ನಿಂದ ನಾನು ಅಲ್ಲಿಗೆ ಕಾಲಿಟ್ಟಿಲ್ಲ.

ಅಮ್ಮ